ಉಪ್ಪು ನಿಲ್ಲದ ಕೂಸು

ಹುಟ್ಟಿ ಒಂಬತ್ತನೆಯ ದಿನ
ಅಗ್ರಫೇನಾ ಕೂಸನ್ನು ತಂದಳು,
ತುಪ್ಪಳದ ಮೇಲಂಗಿಯೊಳಗೆ, ಎದೆಗೆ ಅಂಟಿಸಿಕೊಂಡು.
ಹೊರಗೆ ಆಕಾಶವೂ ನೆಲವೂ ಒಂದೇ ಬಿಳಿ.
ನಾಲ್ಕು ದಿನದಿಂದ ವಿಮಾನವಿಲ್ಲ.

"ಕುಡಿದದ್ದೆಲ್ಲ ಕಕ್ಕುತ್ತದೆ," ಅಂದಳು.
"ಮೊದಲು ಅಳುತ್ತಿತ್ತು. ಈಗ ಅದೂ ಇಲ್ಲ."

ನಾನು ಈ ಊರಿನ ಆರೋಗ್ಯ ಸಹಾಯಕಿ.
ಡಾಕ್ಟರಲ್ಲ, ನರ್ಸೂ ಅಲ್ಲ.
ಕೆಲವು ವಾರದ ತರಬೇತಿ, ಒಂದು ದಪ್ಪ ಪುಸ್ತಕ,
ಒಂದು ಫೋನು, ಔಷಧದ ಕಪಾಟಿನ ಬೀಗದ ಕೈ.

ತೂಗಿದೆ. ಹುಟ್ಟಿದಾಗಿನದಕ್ಕಿಂತ ಒಂದು ಹಿಡಿ ಕಡಿಮೆ.
ನೆತ್ತಿ ಒಳಗೆ ಕುಸಿದಿತ್ತು, ಬೆರಳೊತ್ತಿದ ಹಿಟ್ಟಿನ ಹಾಗೆ.
ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಂತಿತು.

ಹಿಮ್ಮಡಿಯಲ್ಲಿ ಬೆಥೆಲ್ ಆಸ್ಪತ್ರೆಯ ಸೂಜಿಗುರುತು.
ಎರಡನೆಯ ದಿನ ತೆಗೆದ ಐದು ಹನಿ ರಕ್ತ,
ಕಾಗದದ ಮೇಲೆ ಐದು ವೃತ್ತ,
ಒಣಗಿ, ಲಕೋಟೆ ಸೇರಿ,
ರನ್‌ವೇ ಬದಿಯ ಯಾವುದೋ ಚೀಲದಲ್ಲಿ
ಬಾನು ತಿಳಿಯಾಗಲೆಂದು ಕಾಯುತ್ತಿತ್ತು.
ರೋಗದ ಹೆಸರು ಅದಕ್ಕೆ ಗೊತ್ತು.
ನಮಗೆ ಗೊತ್ತಿಲ್ಲ.

ಬೂಟಿನ ಹಿಮ ಕೂಡ ಕೊಡವದೆ ಬಾಗಿಲಲ್ಲೇ ನಿಂತ ಅಜ್ಜಿ ಒಲಿಂಕಾ
ಯಾರನ್ನೂ ನೋಡದೆ ಹೇಳಿದಳು:
"ನನ್ನ ಎರಡು ಹೀಗೇ ಹೋದವು.
ಎರಡನೆಯ ವಾರ. ಹಾಲು ಒಲ್ಲೆನೆಂದು.
ಪಾದ್ರಿ ಬಂದು ಹೋದ. ನೆಲ ಕಲ್ಲಾಗಿತ್ತು,
ವಸಂತದವರೆಗೆ ಕಾದು ಹೂತೆವು."

ಗರಗರ ಸದ್ದಿನ ಆಚೆ ಡಾಕ್ಟರು.
ತೂಕ ಕೇಳಿದರು, ಹೇಳಿದೆ.
ನಾಡಿ ಕೇಳಿದರು, ಹೇಳಿದೆ.
"ಗಂಡೋ ಹೆಣ್ಣೋ?"

ಕಾಗದದಲ್ಲಿ ಗಂಡೆಂದು ಬರೆದಿತ್ತು.
ಬಟ್ಟೆ ಬಿಚ್ಚಿ ನೋಡಿದೆ, ಮತ್ತೆ ನೋಡಿದೆ.
ಬರೆದವರಿಗೆ ಅವಸರವಿತ್ತು.
ಅಗ್ರಫೇನಾ ಗೋಡೆಯ ಕಡೆ ತಿರುಗಿದಳು.

ನನ್ನ ಮೌನ ಕೇಳಿಸಿಕೊಂಡವರು
ಒಮ್ಮೆಗೇ ಬೇರೆ ದನಿಯಲ್ಲಿ:
"ಕೆಂಪು ಮುಚ್ಚಳದ ಪೆಟ್ಟಿಗೆ ತೆಗಿ.
ಹೈಡ್ರೋಕಾರ್ಟಿಸೋನ್. ತೊಡೆಗೆ. ಈಗಲೇ.
ಆಮೇಲೆ ಉಪ್ಪುನೀರು. ನಾಳ ಸಿಗದಿದ್ದರೆ ಮೂಳೆಗೆ."

ಉಪ್ಪು!
ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಗ್ರಂಥಿ
ಉಪ್ಪು ಕಾಯುವ ಕೆಲಸ ಬಾರದೆ
ಅದರ ಸಾಮಾನೆಲ್ಲ ಗಂಡುತನಕ್ಕೆ ಸುರಿದಿತ್ತು.
ಮನೆಮನೆಯಲ್ಲೂ ಉಪ್ಪಿನಲ್ಲಿಟ್ಟ ಸಾಮನ್ ಬಕೆಟ್ಟು,
ನದಿಯ ಬಾಯಲ್ಲಿ ಇಡೀ ಬೇರಿಂಗ್ ಸಮುದ್ರ,
ಈ ಕೂಸಿನೊಳಗೆ ಮಾತ್ರ ಒಂದು ಚಿಟಿಕೆ ನಿಲ್ಲದು.
ಒದ್ದೆ ಬಟ್ಟೆ ಎಣಿಸಿ ಹಿಗ್ಗಿದ್ದೆವು ನಾವು,
ಹಾಲು ದಕ್ಕುತ್ತಿದೆ ಎಂದು.

ಕೈ ನಡುಗಿತು, ಸುಳ್ಳೇಕೆ.
ಟಕ್ ಎಂದು ಮೂಳೆ ಸೂಜಿಗೆ ದಾರಿ ಬಿಟ್ಟಿತು.
ಒಲಿಂಕಾ ಕಾಲು ಹಿಡಿದುಕೊಂಡಿದ್ದಳು,
ಮೀನು ಸೀಳಿ ಪಳಗಿದ ಕೈ, ಅಲುಗಲಿಲ್ಲ.

ಎಷ್ಟು ಹೊತ್ತೋ.
ಆಮೇಲೆ ಅಳು, ತೆಳ್ಳಗೆ, ಸಿಟ್ಟಿನದು.
ಅಗ್ರಫೇನಾಳ ಅಂಗಿ ಎದೆಯ ಬಳಿ ತಾನೇ ನೆನೆಯಿತು.

ಮರುದಿನ ವಿಮಾನ ಬಂತು.
ಆಂಕರೇಜಿನಲ್ಲಿ ಗರ್ಭಕೋಶವಿದೆ ಎಂದರು, ಹೆಣ್ಣು ಎಂದರು,
ಹೆಸರು ಬದಲಿಸುವಿರಾ ಎಂದು ಮೆಲ್ಲಗೆ ಕೇಳಿದರಂತೆ.
ಒಲಿಂಕಾಗೆ ನಗು ಬಂತಂತೆ.
ಕುಗ್ಯುಕ್ ಅದರ ಹೆಸರು. ಹಂಸ.
ಹಿಂದಿನ ವರ್ಷ ಮಂಜುಗಡ್ಡೆ ಒಡೆದು ಮುಳುಗಿದ ಅವಳ ತಮ್ಮನದು.
ಸತ್ತವರ ಹೆಸರು ಹುಟ್ಟಿದವರನ್ನು ಹುಡುಕಿಕೊಂಡು ಬರುತ್ತದೆ,
ಗಂಡೋ ಹೆಣ್ಣೋ ಎಂದು ಬಾಗಿಲಲ್ಲಿ ಕೇಳುವುದಿಲ್ಲ.
ಅವನು, ಅವಳು ಎಂಬ ಎರಡು ಪದಗಳೇ
ನಮ್ಮ ಯೂಪಿಕ್ ಮಾತಿನಲ್ಲಿ ಇಲ್ಲ.

ಈಗ ದಿನಕ್ಕೆ ಮೂರು ಸಲ
ಅಗ್ರಫೇನಾ ಮಾತ್ರೆ ತುಂಡು ಮಾಡುತ್ತಾಳೆ,
ಸಾಮನ್ ಸೀಳುವ ಅರ್ಧಚಂದ್ರ ಕತ್ತಿಯಿಂದ.
ಬೇಡ, ಹುಡಿಯಾಗುತ್ತದೆ, ಎಂದು ಬೈದು ಬಂದೆ.
ಹಾಲಿಗೆ ಉಪ್ಪು, ಅಳೆದು.
ವಾಂತಿಯಾದರೆ ನನ್ನ ಬಾಗಿಲು ಬಡಿಯಬೇಕು,
ಎಷ್ಟು ಹೊತ್ತಾದರೂ.

ಲಕೋಟೆಯ ಉತ್ತರ ಹದಿನಾರನೆಯ ದಿನ ಬಂತು:
ಒಂದು ಸಂಖ್ಯೆ, ಕೆಳಗೆ ಗೆರೆ, 'ತುರ್ತು'.
ಒಲಿಂಕಾ ಡ್ರಾಯರಿನಿಂದ ತೆಗೆಸಿ ನೋಡಿದಳು.
ಓದಲು ಬಾರದವಳು, ಬೆರಳಿನಿಂದ ಗೆರೆ ಸವರಿದಳು.
"ಆ ಎರಡು ಇದ್ದವಲ್ಲ," ಅಂದಳು,
"ಅವಕ್ಕೂ ಹೀಗೊಂದು ಕಾಗದ ಬರೆಸಲಾಗುತ್ತದೆಯೇ?"